ಆಸ್ಪತ್ರೆಗಳ ಊರಿಗೆ ಬಸ್ಸು ಬಂದ ಕತೆ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೈದ್ಯರು, ದಾದಿಯರು, ಔಷಧದ ವಾಸನೆ. ಆದರೆ ಆ ವೈದ್ಯರು, ದಾದಿಯರು, ನೆಲ ಒರೆಸುವವರು, ಅಡುಗೆ ಮಾಡುವವರು ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಅಲ್ಲಿಗೆ ಹೇಗೆ ಬಂದು ಸೇರುತ್ತಾರೆ ಎಂಬ ಪ್ರಶ್ನೆ ಸಾಮಾನ್ಯವಾಗಿ ನಮಗೆ ಹೊಳೆಯುವುದಿಲ್ಲ. ಊರಿಗೊಂದು ಆಸ್ಪತ್ರೆ ಇದ್ದಾಗ ಇದು ಚಿಕ್ಕ ಪ್ರಶ್ನೆ. ಹಲವು ದೊಡ್ಡ ಆಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು, ಸಂಶೋಧನಾಲಯಗಳು ಒಂದೇ ಬಡಾವಣೆಯಲ್ಲಿ ಬಂದು ನಿಂತರೆ ಅದು ಚಿಕ್ಕ ಪ್ರಶ್ನೆಯಾಗಿ ಉಳಿಯುವುದಿಲ್ಲ. ರಸ್ತೆ ಯಾರಿಗೆ, ಜಾಗ ಯಾರಿಗೆ, ಯಾರ ಮನೆ ಉಳಿಯಬೇಕು, ಯಾರದು ಉರುಳಬೇಕು ಎಂಬ ಜಗಳವಾಗುತ್ತದೆ.

ಅಮೆರಿಕದ ಬಾಸ್ಟನ್ ನಗರದ ಲಾಂಗ್‌ವುಡ್ ವೈದ್ಯಕೀಯ ಪ್ರದೇಶದ ನೂರು ವರ್ಷಗಳ ಇತಿಹಾಸ ಇದಕ್ಕೆ ಒಳ್ಳೆಯ ಉದಾಹರಣೆ. ನಗರದ ಕೇಂದ್ರದಿಂದ ಕೆಲವೇ ಕಿಲೋಮೀಟರ್ ನೈಋತ್ಯಕ್ಕಿರುವ ಈ ಪ್ರದೇಶದ ವಿಸ್ತೀರ್ಣ ಸುಮಾರು 213 ಎಕರೆ. ಕೆಲಸಗಾರರು, ವಿದ್ಯಾರ್ಥಿಗಳು, ರೋಗಿಗಳು, ಅವರ ಜೊತೆಗೆ ಬಂದವರು ಎಲ್ಲ ಸೇರಿ ದಿನವೊಂದಕ್ಕೆ ಇಲ್ಲಿಗೆ ಬಂದು ಹೋಗುವವರು ಸುಮಾರು ಒಂದು ಲಕ್ಷ ಮಂದಿ. ನಮ್ಮ ಒಂದು ಜಿಲ್ಲಾ ಕೇಂದ್ರದ ಜನಸಂಖ್ಯೆ ಪ್ರತಿದಿನ ಒಂದು ದೊಡ್ಡ ತೋಟದೊಳಕ್ಕೆ ನುಗ್ಗಿ ಹೊರಬಂದಂತೆ!

ಜೌಗು ನೆಲದ ಪಕ್ಕದಲ್ಲಿ

ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಇದು ಊರಾಚೆಯ ಜಾಗ. ಒಂದು ಬದಿಗೆ ಜೌಗು, ಮಡ್ಡಿ ರಿವರ್ ಎಂಬ ಸಣ್ಣ ಹೊಳೆ. ಆ ಜೌಗನ್ನು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಎಂಬ ಪ್ರಸಿದ್ಧ ಉದ್ಯಾನ ತಜ್ಞ ಸರಪಣಿಯಂಥ ಉದ್ಯಾನಗಳನ್ನಾಗಿ ಬದಲಾಯಿಸಿದರು. 1782ರಲ್ಲಿ ಆರಂಭವಾದ ಹಾರ್ವರ್ಡ್ ವೈದ್ಯಕೀಯ ಶಾಲೆ 1900ರ ಸುಮಾರಿಗೆ ಇಲ್ಲಿ 26 ಎಕರೆ ಜಮೀನು ಕೊಂಡಿತು. 1906ರಲ್ಲಿ ಲಾಂಗ್‌ವುಡ್ ಅವೆನ್ಯೂದಲ್ಲಿ ಅಮೃತಶಿಲೆಯ ಐದು ಕಟ್ಟಡಗಳು ಎದ್ದು ನಿಂತವು. ಕಾಲೇಜಿನ ಹಿಂದೆ ಆಸ್ಪತ್ರೆಗಳು ಬಂದವು. 1913ರಲ್ಲಿ ಪೀಟರ್ ಬೆಂಟ್ ಬ್ರಿಗ್ಯಾಮ್ ಆಸ್ಪತ್ರೆ, 1914ರಲ್ಲಿ ಮಕ್ಕಳ ಆಸ್ಪತ್ರೆ, 1928ರಲ್ಲಿ ಬೆತ್ ಇಸ್ರೇಲ್ ಆಸ್ಪತ್ರೆ. ಮೂತ್ರಪಿಂಡ ಕಸಿಯ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆಯನ್ನು 1954ರ ಡಿಸೆಂಬರ್‌ನಲ್ಲಿ ಜೋಸೆಫ್ ಮರ್ರೆ ನಡೆಸಿದ್ದು ಇದೇ ಬ್ರಿಗ್ಯಾಮ್ ಆಸ್ಪತ್ರೆಯಲ್ಲಿ.

ಈ ಕಟ್ಟಡಗಳ ಜಾಗ ನಿಶ್ಚಯವಾದ ಕಾಲದಲ್ಲಿ ಜನ ಕಾರಿನಲ್ಲಿ ಓಡಾಡುತ್ತಿರಲಿಲ್ಲ. ಟ್ರಾಮಿನಲ್ಲಿ ಬರುತ್ತಿದ್ದರು, ಇಲ್ಲವೇ ನಡೆದು ಬರುತ್ತಿದ್ದರು. ಅಮೆರಿಕದ ಮೊದಲ ಸುರಂಗ ರೈಲುಮಾರ್ಗ 1897ರಲ್ಲಿ ಆರಂಭವಾದದ್ದು ಬಾಸ್ಟನ್ನಿನಲ್ಲೇ. ಹಂಟಿಂಗ್‌ಟನ್ ಅವೆನ್ಯೂದ ಟ್ರಾಮು ಆಸ್ಪತ್ರೆಗಳ ಬಾಗಿಲ ಬಳಿಯೇ ಹಾಯುತ್ತಿತ್ತು. ಹೀಗಾಗಿ ರಸ್ತೆಗಳು ಕಿರಿದಾಗಿಯೇ ಉಳಿದವು. ಒಂದು ಪಕ್ಕಕ್ಕೆ ಉದ್ಯಾನ, ಇನ್ನೊಂದು ಪಕ್ಕಕ್ಕೆ ಮಿಷನ್ ಹಿಲ್ ಮತ್ತು ರಾಕ್ಸ್‌ಬರಿಯ ದುಡಿಯುವ ಜನರ ಮರದ ಮನೆಗಳು. ಹಿಗ್ಗಲು ಜಾಗವೇ ಇರಲಿಲ್ಲ.

ರಾತ್ರಿ ಪಾಳಿಯ ಒಬ್ಬ ಭಾರತೀಯ

ಆಸ್ಪತ್ರೆ ಎಂದರೆ ವೈದ್ಯರಷ್ಟೇ ಅಲ್ಲ ಎಂಬುದಕ್ಕೆ ಇಲ್ಲಿನ ಒಂದು ಪ್ರಸಂಗವನ್ನು ನೆನೆಯಬಹುದು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಓದಲೆಂದು ಬಾಸ್ಟನ್ನಿಗೆ ಬಂದರು. ಕೈಯಲ್ಲಿ ಹಣವಿರಲಿಲ್ಲ. ಬ್ರಿಗ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರರಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಹೊಟ್ಟೆ ಹೊರೆದರೆಂದು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ಹಾರ್ವರ್ಡ್‌ನಲ್ಲೇ ಡಾಕ್ಟರೇಟ್ ಪಡೆದ ಸುಬ್ಬರಾವ್, ಲೆಡರ್ಲೆ ಔಷಧ ಕಂಪೆನಿಯ ಸಂಶೋಧಕರಾದರು. ಅವರ ತಂಡ ತಯಾರಿಸಿದ ಅಮೈನಾಪ್ಟೆರಿನ್ ಎಂಬ ಔಷಧವನ್ನೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 1948ರಲ್ಲಿ ತಾತ್ಕಾಲಿಕ ಗುಣವನ್ನು ಜಗತ್ತಿಗೆ ತೋರಿಸಿದರು.

ಈ ಕತೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಮಾತು ಒಂದಿದೆ. ಆಸ್ಪತ್ರೆಯ ರಾತ್ರಿಯನ್ನು ನಡೆಸುವವರು ಕಡಿಮೆ ಸಂಬಳದವರು. ಕಚೇರಿಯಂತೆ ಇಲ್ಲಿ ಸಂಜೆ ಬೀಗ ಹಾಕುವಂತಿಲ್ಲ. ಮೂರು ಪಾಳಿ, ಹಬ್ಬದ ದಿನವೂ ಕೆಲಸ, ಹಿಮ ಸುರಿದ ದಿನವೂ ಕೆಲಸ. ನಡುರಾತ್ರಿಯ ನಂತರ ರೈಲು ನಿಲ್ಲುತ್ತದೆ, ಆಸ್ಪತ್ರೆ ನಿಲ್ಲುವುದಿಲ್ಲ. ಆಸ್ಪತ್ರೆಗಳ ಊರಿನ ಸಾರಿಗೆ ಬೇರೆಲ್ಲ ಕಡೆಗಿಂತ ಕಷ್ಟವಾಗುವುದು ಇದರಿಂದಲೇ.

ಕಾರು ಬಂತು, ಹೆದ್ದಾರಿ ಹೊರಟಿತು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮ ವರ್ಗ ಉಪನಗರಗಳಿಗೆ ಹೊರಟುಹೋಯಿತು. ಬಾಸ್ಟನ್ನಿನಲ್ಲಿ ಸಾರ್ವಜನಿಕ ಸಾರಿಗೆಯ ಪ್ರಯತ್ನ ಪೂರ್ತಿ ನಿಲ್ಲಲಿಲ್ಲ. 1941ರಲ್ಲಿ ಹಂಟಿಂಗ್‌ಟನ್ ಅವೆನ್ಯೂದ ಟ್ರಾಮಿಗೆ ಸುರಂಗ ಸಿದ್ಧವಾಗಿತ್ತು. 1959ರ ಜುಲೈ 4ರಂದು ಹಳೆಯ ಉಗಿಬಂಡಿಯ ಮಾರ್ಗವೊಂದು ಟ್ರಾಮ್ ಮಾರ್ಗವಾಗಿ ತೆರೆಯಿತು, ಲಾಂಗ್‌ವುಡ್‌ಗೆ ಅದರ ಮೇಲೊಂದು ನಿಲ್ದಾಣ ಸಿಕ್ಕಿತು. ಆದರೆ ಸರಕಾರದ ದೊಡ್ಡ ಹಣ ಹೋದದ್ದು ಹೆದ್ದಾರಿಗಳಿಗೆ.

ನಗರದೊಳಗೆ ಎರಡು ಹೆದ್ದಾರಿಗಳ ಯೋಜನೆ ತಯಾರಾಯಿತು. ನೈಋತ್ಯದಿಂದ ರಾಕ್ಸ್‌ಬರಿಯನ್ನು ಸೀಳಿಕೊಂಡು ಬರುವ ಒಂದು ಮಾರ್ಗ. ನಗರವನ್ನು ಬಳಸಿ, ಆಸ್ಪತ್ರೆಗಳ ಹತ್ತಿರದ ಉದ್ಯಾನವನ್ನೇ ಹಾದುಹೋಗುವ ಇನ್ನೊಂದು ವರ್ತುಲ ಮಾರ್ಗ. 1960ರ ದಶಕದ ನಡುವಿನಲ್ಲಿ ಮನೆಗಳನ್ನು ಕೆಡವುವ ಕೆಲಸವೂ ಶುರುವಾಯಿತು. ರಾಕ್ಸ್‌ಬರಿ, ಜಮೈಕಾ ಪ್ಲೇನ್ ಬಡಾವಣೆಗಳಲ್ಲಿ ನೂರಾರು ಮನೆ, ಅಂಗಡಿಗಳು ನೆಲಸಮವಾದವು.

ಅದೇ ಹೊತ್ತಿಗೆ ಮತ್ತೊಂದು ದಿಕ್ಕಿನಿಂದಲೂ ಅಪಾಯ ಬಂತು. ವೈದ್ಯಕೀಯ ವಿಸ್ತರಣೆಗಾಗಿ ಹಾರ್ವರ್ಡ್ ಸುತ್ತಲಿನ ಮನೆಗಳನ್ನು ಕೊಳ್ಳತೊಡಗಿತ್ತು. ಸುಮಾರು 180 ಕುಟುಂಬಗಳು ಜಾಗ ಖಾಲಿ ಮಾಡಬೇಕಾಗಿತ್ತು. ನದಿಯಾಚೆಯ ಕೇಂಬ್ರಿಜ್‌ನಲ್ಲಿರುವ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ 1969ರ ಏಪ್ರಿಲ್ 9ರಂದು ವಿದ್ಯಾರ್ಥಿಗಳು ಮುತ್ತಿಗೆ ಹಾಕಿದರು. ಮಾರನೆಯ ಬೆಳಗಿನ ಜಾವ ಪೊಲೀಸರು ಅವರನ್ನು ಎಳೆದು ಹೊರಹಾಕಿದರು. ವಿಯೆಟ್ನಾಂ ಯುದ್ಧ ವಿರೋಧಿ ಚಳವಳಿಯೆಂದು ಪ್ರಸಿದ್ಧವಾದ ಆ ಮುಷ್ಕರದ ಬೇಡಿಕೆಗಳ ಪಟ್ಟಿಯಲ್ಲಿ ರಾಕ್ಸ್‌ಬರಿಯ ಈ ಮನೆಗಳನ್ನು ಕೆಡವಬಾರದೆಂಬುದೂ ಒಂದಾಗಿತ್ತು ಎಂಬುದು ಅನೇಕರಿಗೆ ತಿಳಿಯದು.

ಬಾಡಿಗೆದಾರರು ವಿದ್ಯಾರ್ಥಿಗಳನ್ನಷ್ಟೇ ನಂಬಿ ಕೂರಲಿಲ್ಲ. ಅದೇ ವರ್ಷ ತಮ್ಮದೇ ಸಂಘ ಕಟ್ಟಿಕೊಂಡರು. ವರ್ಷಗಟ್ಟಲೆ ಮಾತುಕತೆ ನಡೆಯಿತು. ಕೊನೆಗೆ ಹಲವು ಹಳೆಯ ಮನೆಗಳು ಉಳಿದುಕೊಂಡವು. ಜೊತೆಗೆ 775 ಮನೆಗಳ ಮಿಷನ್ ಪಾರ್ಕ್ ಎಂಬ ವಸತಿ ಸಮುಚ್ಚಯ 1978ರಲ್ಲಿ ಪೂರ್ಣಗೊಂಡಿತು. ಆಸ್ಪತ್ರೆಗಳ ಬಾಗಿಲಲ್ಲೇ ಸಾಮಾನ್ಯ ಜನರಿಗೆ ಮನೆ! ನಡೆದುಕೊಂಡೇ ಕೆಲಸಕ್ಕೆ ಹೋಗುವವನಿಗೆ ಬಸ್ಸೂ ಬೇಡ, ಕಾರು ನಿಲ್ಲಿಸುವ ಜಾಗವೂ ಬೇಡ. ಸಾರಿಗೆಯ ಸಮಸ್ಯೆಗೆ ಇದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿಲ್ಲ.

ಹೆದ್ದಾರಿ ಹೋಗಿ ರೈಲು

ಹೆದ್ದಾರಿಯ ವಿರುದ್ಧವೂ ಜನ ಎದ್ದರು. ಕರಿಯರು, ಬಿಳಿಯರು, ಬಡವರು, ಪ್ರಾಧ್ಯಾಪಕರು ಒಟ್ಟಾಗಿ 1969ರ ಜನವರಿಯಲ್ಲಿ ರಾಜ್ಯದ ವಿಧಾನಭವನದ ಎದುರು ಸೇರಿದರು. 1970ರಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಕೆಲಸಕ್ಕೆ ತಡೆ ಹಾಕಿದರು. 1972ರಲ್ಲಿ ಆ ಯೋಜನೆಗಳನ್ನೇ ಕೈಬಿಟ್ಟರು. ಸಾರ್ಜೆಂಟ್ ಹಿಂದೆ ಇದೇ ರಾಜ್ಯದ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರಾಗಿದ್ದವರು ಎಂಬುದು ಗಮನಾರ್ಹ. 1973ರಲ್ಲಿ ಕೇಂದ್ರ ಸರಕಾರದ ಕಾನೂನು ಬದಲಾಗಿ, ಕೈಬಿಟ್ಟ ಹೆದ್ದಾರಿಯ ಹಣವನ್ನು ರೈಲಿಗೆ ಬಳಸಲು ಅವಕಾಶ ಸಿಕ್ಕಿತು.

ಮನೆಗಳನ್ನು ಕೆಡವಿ ಖಾಲಿ ಬಿಟ್ಟಿದ್ದ ಜಾಗದಲ್ಲಿ 1987ರ ಮೇ 4ರಂದು ಆರೆಂಜ್ ಲೈನ್ ರೈಲು ಓಡಿತು. ಮೇಲೆ ಉದ್ದನೆಯ ಉದ್ಯಾನ. ಈ ಮಾರ್ಗದ ರಗಲ್ಸ್ ನಿಲ್ದಾಣ ಆಸ್ಪತ್ರೆಗಳಿಂದ ಕಾಲು ಗಂಟೆಯ ನಡಿಗೆ. ಆದರೆ ಲಾಭದ ಜೊತೆಗೆ ನಷ್ಟವೂ ಇತ್ತು. ರಾಕ್ಸ್‌ಬರಿಯ ವಾಷಿಂಗ್‌ಟನ್ ಬೀದಿಯ ಮೇಲೆ ಕಂಬಗಳ ಮೇಲೇರಿ ಓಡುತ್ತಿದ್ದ ಹಳೆಯ ರೈಲು ಅದೇ ವಾರ ನಿಂತುಹೋಯಿತು. ಆ ಬೀದಿಯ ಬಡವರು ರೈಲಿನಿಂದ ದೂರವಾದರು. ಹಂಟಿಂಗ್‌ಟನ್ ಅವೆನ್ಯೂದ ಟ್ರಾಮು ಕೂಡ 1985ರ ಡಿಸೆಂಬರ್‌ನಿಂದ ತನ್ನ ಹಳೆಯ ಕೊನೆಯ ನಿಲ್ದಾಣದವರೆಗೆ ಹೋಗುವುದನ್ನು ನಿಲ್ಲಿಸಿತು. ಮುಂದಿನ ದಾರಿಗೆ ಜನ 39ನೇ ನಂಬರಿನ ಬಸ್ಸನ್ನೇ ನೆಚ್ಚಬೇಕಾಯಿತು.

ಪ್ರತಿಸ್ಪರ್ಧಿಗಳ ಒಂದೇ ಬಸ್ಸು

ಹೆದ್ದಾರಿ ಬರುವುದಿಲ್ಲ, ಸುತ್ತಲಿನ ಮನೆಗಳನ್ನು ಕೆಡವುವಂತಿಲ್ಲ. ಹಾಗಾದರೆ ಬೆಳೆಯುವುದು ಹೇಗೆ? ರೋಗಿಗಳಿಗಾಗಿ, ಸಂಶೋಧನೆಯ ಹಣಕ್ಕಾಗಿ, ಒಳ್ಳೆಯ ವೈದ್ಯರಿಗಾಗಿ ಪರಸ್ಪರ ಸ್ಪರ್ಧಿಸುವ ಸಂಸ್ಥೆಗಳು ಅನಿವಾರ್ಯವಾಗಿ ಒಂದೆಡೆ ಕೂತವು. 1972ರಲ್ಲಿ ಮ್ಯಾಸ್ಕೋ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಕಾರು ನಿಲುಗಡೆ, ಶಟಲ್ ಬಸ್ಸು, ಯೋಜನೆಯಂಥ ಎಲ್ಲರಿಗೂ ಬೇಕಾದ ಕೆಲಸಗಳನ್ನು ಒಬ್ಬೊಬ್ಬರೇ ಮಾಡುವ ಬದಲು ಕೂಡಿ ಮಾಡುವುದು ಇದರ ಉದ್ದೇಶ.

ಇದರ ಕ್ರಮ ಸರಳ. ಆಸ್ಪತ್ರೆಯ ಪಕ್ಕದ ಕಾರು ನಿಲುಗಡೆಯ ಜಾಗ ಮೊದಲು ರೋಗಿಗೆ. ಕಾರು ತರಲೇಬೇಕಾದ ನೌಕರರಲ್ಲಿ ಅನೇಕರು ಅದನ್ನು ದೂರದ ಜಾಗದಲ್ಲಿ ಬಿಟ್ಟು ಶಟಲ್ ಬಸ್ಸಿನಲ್ಲಿ ಬರುತ್ತಾರೆ. ರಗಲ್ಸ್ ನಿಲ್ದಾಣದಿಂದ, ನದಿಯಾಚೆಯ ಕೇಂಬ್ರಿಜ್‌ನಿಂದ ಬಸ್ಸುಗಳಿವೆ. ಇದರದೇ ಒಂದು ವಿಭಾಗ ಒಂದೇ ದಾರಿಯಲ್ಲಿ ಬರುವವರನ್ನು ಒಂದೇ ಕಾರಿಗೆ ಜೋಡಿಸುವುದು, ರೈಲು ಪಾಸು, ಸೈಕಲ್ಲು ಮುಂತಾದವನ್ನು ನೋಡಿಕೊಳ್ಳುತ್ತದೆ. ದೊಡ್ಡ ಸಂಸ್ಥೆಗಳು ತಮ್ಮ ನೌಕರರು ಒಬ್ಬಂಟಿಯಾಗಿ ಕಾರಿನಲ್ಲಿ ಬರುವುದನ್ನು ತಗ್ಗಿಸುವ ಯೋಜನೆ ರೂಪಿಸಬೇಕೆಂದು ರಾಜ್ಯದ ವಾಯುಮಾಲಿನ್ಯ ನಿಯಮವೂ ಹೇಳುತ್ತದೆ.

ಇವುಗಳಲ್ಲಿ ಒಂದು ಸೌಲಭ್ಯ ವಿಶೇಷವಾದದ್ದು: ತುರ್ತು ಸಂದರ್ಭದಲ್ಲಿ ಮನೆಗೆ ಸವಾರಿ. ಬಸ್ಸಿನಲ್ಲೋ ರೈಲಿನಲ್ಲೋ ಬಂದ ನೌಕರನಿಗೆ ಮಗುವಿಗೆ ಜ್ವರವೆಂದು ಫೋನು ಬಂದರೆ, ಅಥವಾ ಪಾಳಿ ಹಠಾತ್ತನೆ ಮುಂದುವರಿದರೆ, ಮನೆಗೆ ಹೋಗಲು ವಾಹನದ ಭರವಸೆ. ಜನ ಕಾರು ಬಿಡದಿರುವುದು ಬರೀ ಸುಖಕ್ಕಾಗಿ ಅಲ್ಲ, ಸಿಕ್ಕಿಹಾಕಿಕೊಳ್ಳುವ ಭಯಕ್ಕಾಗಿ. ಆ ಭಯ ಹೋದರೆ ಅರ್ಧ ಕಾರು ಹೋದಂತೆಯೇ.

ಇದರಷ್ಟೇ ಮುಖ್ಯವಾದದ್ದು ಸುದ್ದಿ. ಯಾವ ರಸ್ತೆ ಅಗೆಯುತ್ತಾರೆ, ಯಾವ ಬಸ್ ನಿಲ್ದಾಣ ಎಲ್ಲಿಗೆ ಹೋಯಿತು, ಹೊಸ ಕಟ್ಟಡದ ಸಭೆ ಎಂದು ಎಂಬ ಸಣ್ಣ ಪ್ರಕಟಣೆಗಳು ಇಲ್ಲಿ ರೋಗಿಗೂ ನೌಕರನಿಗೂ ನೆರೆಮನೆಯವನಿಗೂ ಬೇಕು. 1960ರ ದಶಕದ ಸಿಟ್ಟಿಗೆ ಮನೆ ಹೋಗುವುದರಷ್ಟೇ, ಮನೆ ಹೋಗುತ್ತದೆಂಬುದು ಎಲ್ಲ ನಿರ್ಧಾರವಾದ ಮೇಲೆ ತಿಳಿದದ್ದೂ ಕಾರಣ.

ಮುಗಿಯದ ಲೆಕ್ಕ

ಎಲ್ಲವೂ ಸರಿಹೋಯಿತೆಂದು ಇದರ ಅರ್ಥವಲ್ಲ. ನಗರದ ನಡುವನ್ನು ಮುಟ್ಟದೆ ಬಡಾವಣೆಯಿಂದ ಬಡಾವಣೆಗೆ ಹೋಗುವ ಬಸ್ಸುಗಳು 1994ರಲ್ಲಿ ಆರಂಭವಾದವು. ಅದನ್ನೇ ಬೆಳೆಸಿ, ಲಾಂಗ್‌ವುಡ್ ಕೆಳಗೆ ಸುರಂಗವನ್ನೂ ಕೊರೆಯುವ ವರ್ತುಲ ಸಾರಿಗೆಯ ದೊಡ್ಡ ಕನಸು 2010ರಲ್ಲಿ ಹಣವಿಲ್ಲದೆ ಮೂಲೆಗೆ ಬಿತ್ತು. 2022ರ ಆಗಸ್ಟ್‌ನಲ್ಲಿ ದುರಸ್ತಿಗಾಗಿ ಇಡೀ ಆರೆಂಜ್ ಲೈನನ್ನೇ 30 ದಿನ ನಿಲ್ಲಿಸಿದಾಗ, ಆಸ್ಪತ್ರೆಗಳ ಪಾಳಿ ಎಷ್ಟು ತೆಳ್ಳನೆಯ ಹಳಿಯ ಮೇಲೆ ನಿಂತಿದೆ ಎಂಬುದು ಗೊತ್ತಾಯಿತು. ಹೋರಾಡಿ ಉಳಿಸಿಕೊಂಡ ಮಿಷನ್ ಹಿಲ್‌ನಲ್ಲಿ ಬಾಡಿಗೆ ಏರುತ್ತಲೇ ಇದೆ. ಬುಲ್ಡೋಜರಿಗೆ ಬಗ್ಗದವರನ್ನು ಬಾಡಿಗೆ ಎಬ್ಬಿಸುತ್ತದೆ.

ಆದರೂ ಒಂದು ಮಾತು ನಿಲ್ಲುತ್ತದೆ. ಲಾಂಗ್‌ವುಡ್‌ನ ಸಾರಿಗೆ ವ್ಯವಸ್ಥೆ ಯಾವುದೋ ತಜ್ಞರ ಮೇಜಿನ ಮೇಲೆ ಮಾತ್ರ ಹುಟ್ಟಿದ್ದಲ್ಲ. ನೆರೆಯ ಜನ ‘ಇಲ್ಲಿ ಹೆದ್ದಾರಿ ಬೇಡ, ನಮ್ಮ ಮನೆ ಬಿಡುವುದಿಲ್ಲ’ ಎಂದದ್ದೂ ಅದರ ಅಡಿಪಾಯ. ಅಂದು ಅದು ಪ್ರಗತಿಗೆ ಅಡ್ಡಿಯೆಂದು ಕಂಡಿತು. ಅಡ್ಡಿ ಇಲ್ಲದಿದ್ದರೆ ಆಸ್ಪತ್ರೆಗಳು ಎಕರೆಗಟ್ಟಲೆ ನೆಲವನ್ನು ಕಾರು ನಿಲ್ಲಿಸಲು ಕಳೆದುಕೊಳ್ಳುತ್ತಿದ್ದವು. ರಾತ್ರಿ ಪಾಳಿ ಮುಗಿಸಿದ ದಾದಿಯೊಬ್ಬಳು ಶಟಲ್ ಬಸ್ಸು ಹತ್ತಿ ರಗಲ್ಸ್‌ಗೆ ಹೋಗುವಾಗ, ಐವತ್ತು ವರ್ಷಗಳ ಹಿಂದೆ ಮನೆ ಬಿಡದೆ ಕೂತವರ ಹಟಕ್ಕೂ ಅದರಲ್ಲೊಂದು ಪಾಲಿದೆ.