ಉಳಿದ ಶಿಖರಗಳು, ಉರಿದ ನಗರಗಳು

ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಸುರಿದ ಬಾಂಬುಗಳಿಗೆ ನಗರಗಳೇ ಬೂದಿಯಾದವು. ಆದರೂ ಕೆಲವು ಪ್ರಸಿದ್ಧ ಕಟ್ಟಡಗಳು ಅವಶೇಷಗಳ ನಡುವೆ ನಿಂತೇ ಇದ್ದವು. ಇದನ್ನು ಪವಾಡವೆಂದೋ ಶತ್ರುವಿನ ದಾಕ್ಷಿಣ್ಯವೆಂದೋ ಹೇಳುವುದು ವಾಡಿಕೆ. ಚರಿತ್ರೆಯನ್ನು ಪರಿಶೀಲಿಸಿದರೆ ಬೇರೆ ಕಾರಣಗಳು ತೋರುತ್ತವೆ.

ಮೊದಲನೆಯದು ಕಟ್ಟಡದ ರಚನೆ. ಜರ್ಮನಿಯ ಕಲೋನ್ ಕೆಥೆಡ್ರಲಿನ 157 ಮೀಟರ್ ಎತ್ತರದ ಜೋಡಿ ಗೋಪುರಗಳು ವೈಮಾನಿಕರಿಗೆ ದಾರಿಗುರುತಾಗಿದ್ದುದರಿಂದ ಅದನ್ನು ಉಳಿಸಿದರೆಂಬ ಪ್ರತೀತಿಯುಂಟು. ಆದರೆ ಅದರ ಮೇಲೆ 14 ದೊಡ್ಡ ಬಾಂಬುಗಳು ಬಿದ್ದವು. ಕಮಾನುಗಳು ಹಲವೆಡೆ ಕುಸಿದರೂ ಭಾರ ಹೊತ್ತ ಕಂಬಗಳೂ ಹೊರಗಿನ ಆನಿಕೆಗಳೂ ತಡೆದುಕೊಂಡವು. 19ನೆಯ ಶತಮಾನದಲ್ಲಿ ಮಾಡಿಗೆ ಮರದ ಬದಲು ಕಬ್ಬಿಣದ ಚೌಕಟ್ಟು ಹಾಕಿದ್ದರಿಂದ ಬೆಂಕಿಗೆ ಆಹಾರ ದೊರೆಯಲಿಲ್ಲ.

ಎರಡನೆಯದು ಮನುಷ್ಯರ ಎಚ್ಚರ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನ ಗುಮ್ಮಟಕ್ಕೆ ಹೊರಗೆ ಸೀಸದ ಹೊದಿಕೆ, ಅದರಡಿಯಲ್ಲಿ ಮರದ ತೊಲೆಗಳು. ಬೆಂಕಿ ಒಳಹೊಕ್ಕರೆ ಉಳಿಯುವಂತಿರಲಿಲ್ಲ. ಅದನ್ನು ಕಾಯಲು 1939ರಲ್ಲಿ ಸ್ವಯಂಸೇವಕರ ಪಡೆ ಸಿದ್ಧವಾಯಿತು. ಅವರಲ್ಲಿ ಹಲವರು ವಾಸ್ತುಶಿಲ್ಪಿಗಳು. ಕತ್ತಲಲ್ಲಿಯೂ ತಪ್ಪದಂತೆ ಕಟ್ಟಡದ ಮೂಲೆಮೂಲೆಗಳನ್ನು ಅರಿತು, ನೀರಿನ ತೊಟ್ಟಿ, ಮರಳು, ಕೈಪಂಪುಗಳನ್ನು ಅಣಿಗೊಳಿಸಿಕೊಂಡು ಅವರು ರಾತ್ರಿ ಪಹರೆಯಿರುತ್ತಿದ್ದರು. 1940ರ ಡಿಸೆಂಬರ್ 29ರ ರಾತ್ರಿ ಸುತ್ತಲಿನ ಪುಸ್ತಕದ ಉಗ್ರಾಣಗಳು ಹೊತ್ತಿ ಉರಿದವು. ನೀರಿನ ಕೊಳವೆಗಳು ಒಡೆದಿದ್ದವು. ಥೇಮ್ಸ್ ನದಿಯಲ್ಲಿಯೂ ಇಳಿತ. ಮೊದಲೇ ತುಂಬಿಟ್ಟ ನೀರೇ ಗತಿಯಾಯಿತು. ಬೆಂಕಿಬಾಂಬೊಂದು ಗುಮ್ಮಟದ ಸೀಸದಲ್ಲಿ ಸಿಲುಕಿ ಉರಿಯತೊಡಗಿತು. ಆಮೇಲೆ ಕಳಚಿಕೊಂಡು ಕೆಳಗಿನ ಕಲ್ಲಿನ ಮೊಗಸಾಲೆಗೆ ಬಿದ್ದಿತು. ಅಲ್ಲಿ ಅದನ್ನು ಆರಿಸಲಾಯಿತು. ಅದು ಹೊರಕ್ಕೆ ಬಿದ್ದುದು ಅದೃಷ್ಟವೇ ಸರಿ. ಆದರೆ ಕಾವಲಿನವರು ಇಲ್ಲದಿದ್ದರೆ ಆ ರಾತ್ರಿ ಕಳೆಯುವುದು ಕಷ್ಟವಿತ್ತು.

ಮೂರನೆಯದು ಅಧಿಕಾರದಲ್ಲಿರುವವರ ನಿರ್ಧಾರ. ಜಪಾನಿನ ಪ್ರಾಚೀನ ರಾಜಧಾನಿ ಕ್ಯೋಟೋ 1945ರಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿತ್ತು. ಆ ನಗರವನ್ನು ಹಿಂದೆ ಕಂಡಿದ್ದ ಅಮೆರಿಕದ ಯುದ್ಧಸಚಿವ ಹೆನ್ರಿ ಸ್ಟಿಮ್ಸನ್ ಪಟ್ಟು ಹಿಡಿದು ಅದನ್ನು ತೆಗೆಸಿದರು. ಅದನ್ನು ಹಾಳುಗೆಡವಿದರೆ ಜಪಾನೀಯರ ಕಹಿ ಯುದ್ಧಾನಂತರವೂ ಆರದೆಂಬ ರಾಜಕೀಯ ಲೆಕ್ಕವೂ ಇದರಲ್ಲಿತ್ತು. ಮುಂದೆ ಪಟ್ಟಿಗೆ ನಾಗಸಾಕಿ ಸೇರಿತು. ಆಗಸ್ಟ್ 9ರಂದು ಆ ನಗರದೊಡನೆ ಅಲ್ಲಿನ ಉರಾಕಾಮಿ ಕೆಥೆಡ್ರಲೂ, ಒಳಗಿದ್ದ ಭಕ್ತರೂ ನಾಶವಾದರು.

ಕ್ಯೋಟೋದ ದೇಗುಲಗಳು ಉಳಿದುದಕ್ಕೆ ಸಂತೋಷಪಡುವವರು ಅದೇ ಖಾತೆಯ ಖರ್ಚಿನ ಕಡೆಯನ್ನೂ ಓದಬೇಕು. ಕಟ್ಟಡಕ್ಕಾಗಿ ಮರುಗಿದ ಮನಸ್ಸು ಅದರ ನೆರಳಿನಲ್ಲಿ ಬಾಳುವ ಜೀವಗಳಿಗೂ ಮರುಗದಿದ್ದರೆ ಆ ಕರುಣೆ ಅಪೂರ್ಣ. ಉಳಿದ ಶಿಖರವನ್ನು ನೋಡುವಾಗ ಅದರ ಸುತ್ತ ಉರಿದ ಮನೆಗಳನ್ನೂ ನೆನೆಯುವುದು ನ್ಯಾಯ.