ಮಿಸ್ ಕಾಲ್ ಕಾಲದ ಜಾಹೀರಾತು

ಮಲಪ್ರಭೆಯ ಸೀಮೆಯ ಕಮತಗಿ ನೇಕಾರರ ಊರು. ಹುಚ್ಚೇಶ್ವರ ನಾಟ್ಯ ಸಂಘ ಈ ಊರಿನ ಹೆಸರನ್ನು ಜಾತ್ರೆ ಜಾತ್ರೆಗೂ ಮುಟ್ಟಿಸಿತು. ಕಂಪನಿ ನಾಟಕದವರಿಗೆ ಜಾಹೀರಾತೆಂದರೆ ಮೈಕು ಕಟ್ಟಿದ ಗಾಡಿ, ಬಣ್ಣದ ಹ್ಯಾಂಡ್‌ಬಿಲ್ಲು. ಮೈಕಿನವ ನಾಟಕದ ಹೆಸರನ್ನು ಎಳೆದೆಳೆದು ಕೂಗಿದರೆ ಕಟ್ಟೆ ಮೇಲೆ ಕೂತವರು ತಮ್ಮದೂ ಒಂದು ಮಾತು ಸೇರಿಸದೆ ಬಿಡುವವರಲ್ಲ. ಮೊಬೈಲ್ ಕಂಪನಿಗಳು ಬಂದಾಗ ಈ ಕೊಡುಕೊಳ್ಳುವಿಕೆ ಇರಲಿಲ್ಲ. ಅಂಗಡಿಯ ಶಟರಿಗೆ ಕೆಂಪು ಬಣ್ಣ ಬಳಿದು ದೊಡ್ಡದಾಗಿ ಕಂಪನಿಯ ಹೆಸರು ಬರೆದರು. ಅಂಗಡಿಯವನ ಹೆಸರಿಗೆ ಮೂಲೆಯೇ ಗತಿ. ಒಳಗೆ ಹತ್ತು ರೂಪಾಯಿ ಕರೆನ್ಸಿ ಹಾಕಿಸುವವರ ಸಾಲು.

ಟಿವಿಯಲ್ಲಿ 2003ರ ಹೊತ್ತಿಗೆ ಹಚ್ ಕಂಪನಿಯ ಪಗ್ ನಾಯಿ ಬಂತು. 2009ರ ಐಪಿಎಲ್ ವೇಳೆಗೆ, ಹಚ್ ವೊಡಾಫೋನ್ ಆದ ಮೇಲೆ, ಝೂಝೂಗಳು ಬಂದವು. ಎರಡನ್ನೂ ಚಿತ್ರೀಕರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ. ಝೂಝೂ ಕಾರ್ಟೂನ್ ಅಲ್ಲ. ಬಿಳಿ ದಿರಿಸಿನೊಳಗೆ ಮನುಷ್ಯರೇ ಇದ್ದರು. ನಡಿಗೆ ಕಾರ್ಟೂನಿನಂತೆ ಕಾಣಲೆಂದು ಸೆಕೆಂಡಿಗೆ 20 ಫ್ರೇಮಿನಲ್ಲಿ ಶೂಟಿಂಗ್ ನಡೆಸಿದರು. ಅವು ಯಾವ ಭಾಷೆಯನ್ನೂ ಆಡದ ಕಾರಣ ಕನ್ನಡದ ನೋಡುಗ ಆ ಒಂದು ಸಲ ಹಿಂದಿಯಿಂದ ಅವಸರದಲ್ಲಿ ಇಳಿಸಿದ ಡಬ್ಬಿಂಗ್ ಕೇಳುವ ಕಷ್ಟದಿಂದ ಪಾರಾದ! ಫೇಸ್‌ಬುಕ್‌ನಲ್ಲೂ ಝೂಝೂಗಳಿಗೆ ದೊಡ್ಡ ಅಭಿಮಾನಿ ಬಳಗ ಹುಟ್ಟಿತು. ಜಾಹೀರಾತು ನೋಡಿದವ ಅದರ ಕೆಳಗೆ ಮಾತಾಡತೊಡಗಿದ. ಆದರೆ ಅದು ಕಂಪ್ಯೂಟರ್ ಇದ್ದವರ ಆಟ.

ನನ್ನ ಲೆಕ್ಕದಲ್ಲಿ ನಮ್ಮ ನೆಲದ ನಿಜವಾದ ಆವಿಷ್ಕಾರ ಝೂಝೂ ಅಲ್ಲ, ಮಿಸ್ ಕಾಲ್. ‘ಮನಿ ಮುಟ್ಟಿದ ಮ್ಯಾಲ ಮಿಸ್ ಕಾಲ್ ಕೊಡು’ ಎಂದು ದುಡ್ಡು ಉಳಿಸುವ ಜಾಣತನ ಊರಿಗೆ ಊರೇ ಕಲಿತಿತ್ತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಪ್‌ಡಯಲ್ ಅದನ್ನೇ ವ್ಯಾಪಾರ ಮಾಡಿಕೊಂಡಿತು. ಜಾಹೀರಾತಿನಲ್ಲಿ ಒಂದು ನಂಬರ್ ಇರುತ್ತಿತ್ತು. ಒತ್ತಿದರೆ ರಿಂಗಾಗಿ ತಾನೇ ಕಟ್ ಆಗುತ್ತಿತ್ತು. ಆಮೇಲೆ ಎಸ್ಸೆಮ್ಮೆಸ್ಸೋ ಕರೆಯೋ ಕಂಪನಿ ಖರ್ಚಿನಲ್ಲಿ ಬರುತ್ತಿತ್ತು. ಇಂಟರ್ನೆಟ್ ಬೇಕಿರಲಿಲ್ಲ, ಓದು ಬರಬೇಕೆಂದಿರಲಿಲ್ಲ, ಬ್ಯಾಲೆನ್ಸ್ ಕರಗುತ್ತಿರಲಿಲ್ಲ. ಇದೇ ದಾರಿಯಲ್ಲಿ ಹಿಂದೂಸ್ತಾನ್ ಯೂನಿಲಿವರ್ ಬಿಹಾರದ ಕಡೆ ‘ಕಾನ್ ಖಜೂರಾ ಟೇಶನ್’ ನಡೆಸಿತು: ಮಿಸ್ ಕಾಲ್ ಕೊಟ್ಟವರಿಗೆ ಹಾಡು, ನಗೆಹನಿ, ನಡುನಡುವೆ ಸೋಪಿನ ಜಾಹೀರಾತು. 2014ರಲ್ಲಿ ಅದಕ್ಕೆ ಕಾನ್ ಜಾಹೀರಾತು ಉತ್ಸವದ ಚಿನ್ನ ಬಂತು. 2015ರ ಜನವರಿಯಲ್ಲಿ ಜಿಪ್‌ಡಯಲ್‌ನ್ನು ಟ್ವಿಟರ್ ಕೊಂಡಿತು.

ಹ್ಯಾಂಡ್‌ಸೆಟ್ ಮಾಡುವವರ ಕಸರತ್ತು ಬೇರೆ ಥರದ್ದು. 2013ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಯಾಮ್‌ಸಂಗ್ ಮತ್ತು ಸ್ವಿಸ್‌ಕಾಂ, ಗ್ಯಾಲಕ್ಸಿ ಎಸ್4 ಪರದೆಯಿಂದ ಕಣ್ಣು ಕದಲಿಸದೆ ಒಂದು ತಾಸು ನಿಂತವರಿಗೆ ಫೋನ್ ಪುಕ್ಕಟೆ ಎಂದವು. ಅವರ ಕಣ್ಣು ಕದಲುವಂತೆ ಮಾಡಲು ಬೊಗಳುವ ನಾಯಿಯನ್ನೂ ತಂದರು. ಮರುವರ್ಷ ಒನ್‌ಪ್ಲಸ್, ಆರಿಸಿದ 100 ಮಂದಿ ಹಳೆ ಫೋನ್ ಒಡೆದು ವಿಡಿಯೊ ಹಾಕಿದರೆ ಒಂದು ಡಾಲರಿಗೆ ಹೊಸತು ಎಂದಿತು. ಕೆಲವರು ಆಯ್ಕೆಯಾಗುವ ಮೊದಲೇ ಒಡೆದುಕೊಂಡು ಕೂತರು! ಇದನ್ನು ಸೃಜನಶೀಲತೆ ಎನ್ನಲು ನನಗೆ ಮನಸ್ಸಿಲ್ಲ. ಫೋನನ್ನು ಕಣ್ಣಿಗೆ ಕಟ್ಟುವ ಹೆಡ್‌ಸೆಟ್ಟಿನೊಳಗಿಟ್ಟು 2015ರಲ್ಲೂ, ಮೊಬೈಲ್ ಕ್ಯಾಮೆರಾ ತೆರೆದು 2020ರಲ್ಲೂ ಅದೇ ಕಂಪನಿಯ ಬಿಡುಗಡೆ ಸಮಾರಂಭ ನೋಡಬಹುದಿತ್ತು.

ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು 2014ರ ಜುಲೈನಲ್ಲಿ ಫ್ಲಿಪ್‌ಕಾರ್ಟ್‌ನಲ್ಲಿ ನಡೆದ ಶಿಯೋಮಿ ಫ್ಲ್ಯಾಶ್ ಸೇಲ್. ಮೊದಲು ಹೆಸರು ನೋಂದಾಯಿಸಬೇಕಿತ್ತು, ಹೇಳಿದ ಗಳಿಗೆಗೆ ಬಟನ್ ಒತ್ತಬೇಕಿತ್ತು. ಸಿಕ್ಕವನೂ ಸಿಗದವನೂ ಅದನ್ನೇ ಹೇಳಿಕೊಂಡು ತಿರುಗಿದರು. ಜಾಹೀರಾತಿನ ಖರ್ಚು ಕಂಪನಿಗೆ ಉಳಿಯಿತು. ಆದರೆ ಪುಟ ತೆರೆದುಕೊಳ್ಳುವಷ್ಟರಲ್ಲಿ ಸ್ಟಾಕ್ ಮುಗಿಯುವ 2ಜಿ ಊರುಗಳಿಗೆ ಈ ಓಟದಲ್ಲಿ ಜಾಗವಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಡ್ಡಿ ಸರಿಯಿತು, ಜೊತೆಗೆ ಮಿಸ್ ಕಾಲಿನ ಅಗತ್ಯವೂ ಮುಗಿಯಿತು.

ಈಗ ಬಾಗಲಕೋಟೆ ಸೀಮೆಯ ಹುಡುಗರು ತಮ್ಮ ಮಾತಿನಲ್ಲೇ ರೀಲ್ಸ್ ಮಾಡುತ್ತಾರೆ. ಅವುಗಳ ನಡುವೆ ತೂರಿಬರುವ ಫೋನ್ ಜಾಹೀರಾತುಗಳಲ್ಲಿ ಹೆಚ್ಚಿನವು ಇನ್ನೂ ಹಿಂದಿಯವು, ಇಲ್ಲವೆ ಮುಂಬೈಯಲ್ಲಿ ಹೊಂದಿಸಿದ ಕನ್ನಡದವು. ಮೊಬೈಲ್ ಅಂಗಡಿಯವನಿಗೆ ಆ ತಾಪತ್ರಯವಿಲ್ಲ. ಹೊಸ ಫೋನಿನ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾನೆ. ‘ರೇಟ್ ಎಷ್ಟ ಅಣ್ಣಾ?’ ಎಂದು ಕೇಳಿದವರಿಗೆ ಇಎಂಐ ಲೆಕ್ಕ ಹೇಳಿ, ಹಳೆ ಸೆಟ್ ತಂದರೆ ಎಷ್ಟು ಕಡಿಮೆಯಾದೀತೆಂದೂ ಅಲ್ಲೇ ತಿಳಿಸುತ್ತಾನೆ.