ಮೊದಲೇ ಮಾಡಿಟ್ಟ ಪುಟ: ವೆಬ್ ಒಂದು ಸುತ್ತು ಹಾಕಿ ಬಂದ ಕಥೆ



2023ರ ಮೇ 13. ಕರ್ನಾಟಕ ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ. ಹೊಸಪೇಟೆಯವರಿಗೆ ವಿಜಯನಗರ ಕ್ಷೇತ್ರದ ಲೆಕ್ಕ ಬೇಕು, ಕಂಪ್ಲಿಯವರಿಗೆ ಕಂಪ್ಲಿಯದ್ದು, ಸಂಡೂರಿನವರಿಗೆ ಸಂಡೂರಿನದ್ದು. ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ಅದೇ ಹೊತ್ತಿಗೆ ಬೇಕು. ಅವತ್ತು ಚುನಾವಣಾ ಆಯೋಗದ ಫಲಿತಾಂಶದ ಪುಟ ತೆರೆದವರಲ್ಲಿ ಅದರ ವಿಳಾಸ ಓದಿದವರು ಕಡಿಮೆ. ಓದಿದ್ದರೆ ಒಂದು ವಿಷಯ ಗೊತ್ತಾಗ್ತಿತ್ತು. ಅದರಲ್ಲಿ ಕರ್ನಾಟಕಕ್ಕೆ ಎಸ್10 ಅನ್ನೋ ಗುರುತು, ಅದರ ಹಿಂದೆಯೇ ಕ್ಷೇತ್ರದ ನಂಬರು: ವಿಜಯನಗರ 90, ಕಂಪ್ಲಿ 91, ಸಂಡೂರು 95. ಕೊನೆಗೆ ಡಾಟ್ ಎಚ್‌ಟಿಎಂ. ಅಂದ್ರೆ 224 ಕ್ಷೇತ್ರಕ್ಕೆ ಒಂದೊಂದು ಸಿದ್ಧ ಪುಟ. ಎಣಿಕೆಯ ಅಂಕಿ ಬದಲಾದಾಗ ಪುಟ ಹೊಸದಾಗುತ್ತೆ. ಅದನ್ನ ನೋಡೋಕೆ ಬಂದವರು ನೂರು ಜನ ಇರಲಿ, ಲಕ್ಷ ಜನ ಇರಲಿ, ಎಲ್ಲರಿಗೂ ಅದೇ ಪುಟದ ಪ್ರತಿ.

ಇಷ್ಟು ಸರಳವಾದ ಉಪಾಯವನ್ನ ವೆಬ್ ಲೋಕ ಒಮ್ಮೆ ಹಳೇದು ಅಂತ ಪಕ್ಕಕ್ಕಿಟ್ಟಿತ್ತು. ಸುಮಾರು ಇಪ್ಪತ್ತು ವರ್ಷ ಬೇರೆ ದಾರಿ ಹಿಡಿದು, ಸುತ್ತು ಹಾಕಿ, ಮತ್ತೆ ಅಲ್ಲಿಗೇ ಬಂತು. ಈಗ ಅದಕ್ಕೆ ಸ್ಟ್ಯಾಟಿಕ್ ಸೈಟ್ ಜನರೇಷನ್ ಅಂತ ಹೆಸರು. ಇವತ್ತಿನ ಸಂಚಿಕೆ ಆ ಸುತ್ತಿನ ಬಗ್ಗೆ. ಕೇಳೋಕೆ ಇದು ಎಂಜಿನಿಯರ್‌ಗಳ ವಿಷಯ ಅನ್ನಿಸುತ್ತೆ. ಆದ್ರೆ ಒಳಗಿರೋ ಪ್ರಶ್ನೆ ನಮ್ಮ ನಿಮ್ಮದೇ: ಪುಟ ತಯಾರು ಮಾಡೋ ಕೆಲಸ ಯಾವಾಗ ಆಗಬೇಕು, ಆ ಕೆಲಸದ ಹೊರೆ ಯಾರ ಮೇಲೆ ಬೀಳಬೇಕು?

ಹೊಸಪೇಟೆ, ಬಳ್ಳಾರಿ ಕಡೆ ಬೆಳಗಿನ ಒಗ್ಗರಣಿ-ಮಿರ್ಚಿ ಗೊತ್ತಲ್ವಾ? ಗೊತ್ತಿಲ್ಲದವರಿಗೆ: ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಮೆಣಸಿನಕಾಯಿ ಒಗ್ಗರಣೆ ಕೊಟ್ಟಿದ್ದು, ಪಕ್ಕಕ್ಕೆ ಬಿಸಿ ಮಿರ್ಚಿ. ಒಗ್ಗರಣಿ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ರೆಡಿ ಇರುತ್ತೆ, ಗಿರಾಕಿ ಬಂದ ತಕ್ಷಣ ತಟ್ಟೆಗೆ ಹಾಕಿ ಕೊಡ್ತಾರೆ. ಇದು ಮೊದಲನೇ ಪದ್ಧತಿ. ದೋಸೆ ಹಾಗಲ್ಲ, ನೀವು ಹೇಳಿದ ಮೇಲೆ ಕಾವಲಿಗೆ ಹಿಟ್ಟು ಬೀಳುತ್ತೆ, ಜನ ಜಾಸ್ತಿಯಾದರೆ ಕಾಯಬೇಕು. ಇದು ಎರಡನೇದು. ಮೂರನೇದು ವಿಚಿತ್ರ. ಹೋಟೆಲಿನವರು ಹಿಟ್ಟು, ಎಣ್ಣೆ, ಸ್ಟೌವ್, ಒಂದು ಚೀಟಿ ನಿಮ್ಮ ಕೈಗೆ ಕೊಟ್ಟು, ನಿಮ್ಮ ಟೇಬಲ್ ಮೇಲೆ ನೀವೇ ಮಾಡ್ಕೊಳ್ಳಿ ಅಂತಾರೆ. ಹೋಟೆಲಿನಲ್ಲಿ ಯಾರೂ ಹೀಗೆ ಮಾಡಲ್ಲ. ಆದ್ರೆ ವೆಬ್‌ನಲ್ಲಿ ವರ್ಷಗಟ್ಟಲೆ ಇದೇ ನಡೀತು.

ಮೊದಲಿಂದ ಬರೋಣ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಿಂದ ವರ್ಲ್ಡ್ ವೈಡ್ ವೆಬ್ ಅನ್ನ ಜಗತ್ತಿಗೆ ಪರಿಚಯಿಸಿದಾಗ, ವೆಬ್‌ಸೈಟ್ ಅಂದ್ರೆ ಫೈಲುಗಳ ಒಂದು ಗಂಟು, ಅಷ್ಟೇ. ಯಾರೋ ಎಚ್‌ಟಿಎಂಎಲ್‌ನಲ್ಲಿ ಬರೆದಿಟ್ಟ ಪುಟ, ಕೇಳಿದವರಿಗೆ ಸರ್ವರ್ ಅದನ್ನ ಹಾಗೇ ಕಳಿಸ್ತಿತ್ತು. ಪೂರ್ತಿ ಒಗ್ಗರಣಿ ಪದ್ಧತಿ.

ಕಷ್ಟ ಬಂದಿದ್ದು ಪುಟಗಳು ಜಾಸ್ತಿಯಾದಾಗ. ಪ್ರತಿ ಪುಟದ ತಲೆಬರಹ, ಮೆನು, ಅಡಿಬರಹ ಎಲ್ಲ ಕೈಯಲ್ಲೇ ಬರೀಬೇಕು, ಬದಲಾದರೆ ಪ್ರತಿ ಫೈಲ್ ತೆರೆದು ತಿದ್ದಬೇಕು. ಅದಕ್ಕೇ ಎರಡನೇ ಪದ್ಧತಿ ಬಂತು. 1993ರಲ್ಲಿ ಸಿಜಿಐ, 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ, ಜೊತೆಗೆ ಮೈಎಸ್‌ಕ್ಯುಎಲ್ ಥರದ ಡೇಟಾಬೇಸ್. ವಿಷಯ ಡೇಟಾಬೇಸಿನಲ್ಲಿ, ಅಚ್ಚು ಸರ್ವರಿನಲ್ಲಿ. ನೀವು ಕೇಳಿದಾಗ ಎರಡನ್ನೂ ಸೇರಿಸಿ ಪುಟ ತಯಾರು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇದೇ ದಾರಿಯಲ್ಲಿ ಲಕ್ಷಾಂತರ ಜನರನ್ನ ಬರಹಗಾರರನ್ನಾಗಿ ಮಾಡಿತು. ಅನುಕೂಲ ದೊಡ್ಡದು, ಸುಳ್ಳಲ್ಲ. ಆದ್ರೆ ಬದಲಾಗದ ಪುಟವನ್ನೂ ಪ್ರತಿ ಸಲ ಹೊಸದಾಗಿ ಬೇಯಿಸಬೇಕು. ಒಮ್ಮೆಗೇ ಜನ ನುಗ್ಗಿದರೆ ಸರ್ವರ್ ಮಲಗುತ್ತೆ. ಪರೀಕ್ಷೆ ಫಲಿತಾಂಶದ ದಿನ ಇದನ್ನ ನೋಡದವರು ನಮ್ಮಲ್ಲಿ ಯಾರಿದ್ದಾರೆ?

ನಡುದಾರಿಯೂ ಆಗಲೇ ಇತ್ತು. 2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ತಂದ ಮೂವಬಲ್ ಟೈಪ್ ಅನ್ನೋ ಬ್ಲಾಗ್ ತಂತ್ರಾಂಶ, ಲೇಖನ ಬರೆದ ತಕ್ಷಣ ಅದನ್ನ ಸಿದ್ಧ ಫೈಲಾಗಿ ಮಾಡಿ ಇಡ್ತಿತ್ತು. ಬ್ಲಾಗ್ ಬೆಳೆದ ಹಾಗೆ ಎಲ್ಲ ಪುಟಗಳನ್ನ ಮತ್ತೆ ಕಟ್ಟೋ ಹೊತ್ತೂ ಬೆಳೀತು. ಈ ಕಾಯುವಿಕೆ ಸ್ಟ್ಯಾಟಿಕ್ ಪದ್ಧತಿಯ ಹುಟ್ಟು ದೋಷ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ. 2008ರಲ್ಲಿ ಗಿಟ್‌ಹಬ್‌ನ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಬರೆದರು. ಡೇಟಾಬೇಸ್ ಇಲ್ಲ, ಬರಹದ ಫೈಲ್ ಕೊಟ್ಟರೆ ಸೈಟ್ ಕಟ್ಟಿಕೊಡುತ್ತೆ. ಪ್ರೋಗ್ರಾಮರ್‌ಗಳಿಗೆ ಇಷ್ಟವಾಯ್ತು. ಆದ್ರೆ ಅಷ್ಟು ಹೊತ್ತಿಗೆ ಮುಖ್ಯ ಮೆರವಣಿಗೆ ಬೇರೆ ಬೀದಿಗೆ ತಿರುಗಿತ್ತು.

ಆ ಬೀದಿ ಜಾವಾಸ್ಕ್ರಿಪ್ಟ್. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್. ಪುಟ ಬದಲಾಯಿಸದೇ ಒಳಗಿನ ಭಾಗ ಮಾತ್ರ ಬದಲಾಗುತ್ತೆ, ಆಪ್ ಬಳಸಿದ ಹಾಗೇ ಇರುತ್ತೆ. ಎಲ್ಲರಿಗೂ ಹಾಗೇ ಬೇಕಾಯ್ತು. 2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ತನ್ನ ಎಂಜಿನಿಯರ್ ಜೋರ್ಡನ್ ವಾಕ್ ಕಟ್ಟಿದ ರಿಯಾಕ್ಟ್ ಅನ್ನ ಎಲ್ಲರಿಗೂ ಮುಕ್ತ ಮಾಡಿತು. ಅದರ ಮೂಲ ವಿಚಾರ ಕಾಂಪೊನೆಂಟ್. ಪುಟವನ್ನ ಒಂದೇ ಉದ್ದ ಬರಹವಾಗಿ ನೋಡದೆ ತುಂಡುಗಳಾಗಿ ನೋಡೋದು: ತಲೆಬರಹ ಒಂದು ತುಂಡು, ಮೆನು ಒಂದು, ಫೋಟೊ ಚೌಕಟ್ಟು ಒಂದು. ಒಮ್ಮೆ ಬರೆದ ತುಂಡನ್ನ ಎಲ್ಲಿ ಬೇಕಾದ್ರೂ ಕೂರಿಸಬಹುದು.

ಇದು ಯಾಕೆ ಒಳ್ಳೇದು ಅಂತ ತಿಳಿಯೋಕೆ ನಮ್ಮ ಊರುಗಳ ಇತಿಹಾಸವೇ ಸಾಕು. 2014ರ ನವೆಂಬರ್ 1ಕ್ಕೆ ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂತು. ಹಾಸ್ಪೆಟ್ ಹೋಗಿ ಹೊಸಪೇಟೆ, ಬೆಲ್ಲಾರಿ ಹೋಗಿ ಬಳ್ಳಾರಿ. ಆಮೇಲೆ 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾಯ್ತು. ಹೊಸಪೇಟೆ ಅದರ ಕೇಂದ್ರ, ಹಂಪಿಯೂ ಆ ಕಡೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈ ಭಾಗದ ಲಾಡ್ಜ್ ಒಂದಕ್ಕೆ ಇನ್ನೂರು ಪುಟದ ಸೈಟ್ ಇದೆ ಅಂತಿಟ್ಟುಕೊಳ್ಳಿ. ಕೈಯಲ್ಲಿ ಬರೆದಿದ್ದರೆ ಇನ್ನೂರು ಕಡೆ ವಿಳಾಸ ತಿದ್ದಬೇಕು, ಅದೂ ಎರಡು ಸಲ. ವಿಳಾಸ ಒಂದು ಕಾಂಪೊನೆಂಟ್ ಆಗಿದ್ದರೆ ಒಂದು ಕಡೆ ತಿದ್ದಿದರೆ ಮುಗೀತು.

ಹಾಗಾದ್ರೆ ತೊಂದರೆ ಏನು? ಈ ತುಂಡುಗಳನ್ನ ಜೋಡಿಸೋ ಕೆಲಸ ಬಹಳ ಸೈಟುಗಳಲ್ಲಿ ನಿಮ್ಮ ಫೋನಿಗೆ ಬಂತು. ಸರ್ವರ್ ಕಳಿಸೋದು ಹೆಚ್ಚುಕಡಿಮೆ ಖಾಲಿ ಪುಟ, ಜೊತೆಗೆ ಜಾವಾಸ್ಕ್ರಿಪ್ಟಿನ ಒಂದು ದೊಡ್ಡ ಮೂಟೆ. ಫೋನು ಆ ಮೂಟೆ ಇಳಿಸಿಕೊಳ್ಳಬೇಕು, ಬಿಚ್ಚಬೇಕು, ಓಡಿಸಬೇಕು, ವಿಷಯಕ್ಕಾಗಿ ಮತ್ತೊಮ್ಮೆ ಸರ್ವರ್ ಕೇಳಬೇಕು, ಆಮೇಲೆ ಪುಟ ಕಟ್ಟಬೇಕು. ಸ್ಟೌವ್ ಕೈಗೆ ಕೊಟ್ಟ ಹೋಟೆಲು ಇದೇ. ದುಬಾರಿ ಫೋನು, ಒಳ್ಳೆ ವೈಫೈ ಇದ್ದವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಸೈಟ್ ಕಟ್ಟಿದವರ ಟೇಬಲ್ ಮೇಲೆ ಇರೋದೂ ಅಂಥದ್ದೇ ಕಂಪ್ಯೂಟರ್. ಕಾಯೋದು ಕಡಿಮೆ ಬೆಲೆಯ ಫೋನು ಹಿಡಿದು, ಸಿಗ್ನಲ್ ಒಂದೆರಡು ಕಡ್ಡಿ ಇರೋ ಕಡೆ ಕೂತವರು. ಕಟ್ಟಿದವರ ಅನುಕೂಲಕ್ಕೆ ಬೆಲೆ ಕೊಟ್ಟಿದ್ದು ಓದೋರು.

ಇದನ್ನ ದೊಡ್ಡ ಕಂಪನಿಗಳೂ ಕಂಡುಕೊಂಡವು. ರಿಯಾಕ್ಟ್ ಬರೋಕೂ ಮೊದಲೇ, 2010ರಲ್ಲಿ ಟ್ವಿಟರ್ ಪುಟ ಕಟ್ಟೋ ಕೆಲಸವನ್ನ ಬ್ರೌಸರಿಗೆ ಬಿಟ್ಟಿತ್ತು. 2012ರಲ್ಲಿ ಆ ಕೆಲಸವನ್ನ ಮತ್ತೆ ಸರ್ವರಿಗೆ ತಂದಿತು. ಮೊದಲ ಸಲ ಪುಟ ತೆರೆಯೋ ಹೊತ್ತು ಐದನೇ ಒಂದು ಭಾಗಕ್ಕೆ ಇಳೀತು ಅಂತ ಅದರ ಎಂಜಿನಿಯರ್‌ಗಳೇ ಬರೆದರು.

ಇನ್ನು ಸುತ್ತು ಪೂರ್ತಿಯಾಗೋ ಘಟ್ಟ. ಕಾಂಪೊನೆಂಟ್ ಅನುಕೂಲ ಬಿಡೋಕೆ ಯಾರಿಗೂ ಮನಸ್ಸಿಲ್ಲ. ಹಾಗಾಗಿ ಪ್ರಶ್ನೆ ಬದಲಾಯ್ತು. ತುಂಡುಗಳನ್ನ ಓದುಗರ ಫೋನಲ್ಲಿ ಜೋಡಿಸೋ ಬದಲು, ಸೈಟ್ ಕಟ್ಟುವಾಗಲೇ ಒಮ್ಮೆ ಜೋಡಿಸಿ, ಸಿದ್ಧ ಎಚ್‌ಟಿಎಂಎಲ್ ಫೈಲ್ ಮಾಡಿ ಇಟ್ಟರೆ? 2015ರಲ್ಲಿ ಕೈಲ್ ಮ್ಯಾಥ್ಯೂಸ್ ರಿಯಾಕ್ಟ್‌ಗಾಗಿ ಗ್ಯಾಟ್ಸ್‌ಬಿ ಶುರು ಮಾಡಿದ್ದು ಇದಕ್ಕೇ. 2016ರ ಅಕ್ಟೋಬರಿನಲ್ಲಿ ಝೈಟ್ ಅನ್ನೋ ಕಂಪನಿ ನೆಕ್ಸ್ಟ್ ಜೆಎಸ್ ಬಿಡುಗಡೆ ಮಾಡಿತು. ಆ ಕಂಪನಿಯ ಈಗಿನ ಹೆಸರು ವರ್ಸೆಲ್. ಇವಾನ್ ಯೂ ಕಟ್ಟಿದ ವ್ಯೂ ಬಳಸೋರಿಗೆ ಅದೇ ವರ್ಷ ನಕ್ಸ್ಟ್ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, 2016ರ ಸೆಪ್ಟೆಂಬರ್ 5ಕ್ಕೆ, ನಮ್ಮಲ್ಲಿ ಜಿಯೋ ಶುರುವಾಗಿತ್ತು. ಎರಡಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಆದ್ರೆ ಫೋನೇ ಮೊದಲ ಕಂಪ್ಯೂಟರ್ ಆದ ಕೋಟ್ಯಂತರ ಜನ ವೆಬ್ಬಿಗೆ ಬಂದಿದ್ದು ಆ ಹೊತ್ತಿಗೇ. ಸಿದ್ಧ ಪುಟ ಬೇಕಾಗಿದ್ದು ಅವರಿಗೇ.

ಹಾಗಾದ್ರೆ ಸಿದ್ಧ ಪುಟದಲ್ಲಿ ಬಟನ್ ಕೆಲಸ ಮಾಡುತ್ತಾ? ಮಾಡುತ್ತೆ. ಪುಟ ಮೊದಲು ಓದೋಕೆ ಸಿಗುತ್ತೆ, ಆಮೇಲೆ ಜಾವಾಸ್ಕ್ರಿಪ್ಟ್ ಬಂದು ಅದಕ್ಕೆ ಜೀವ ತುಂಬುತ್ತೆ. ಇದಕ್ಕೆ ಹೈಡ್ರೇಷನ್ ಅಂತಾರೆ, ಒಣಗಿದ್ದಕ್ಕೆ ನೀರು ಹಾಕಿದ ಹಾಗೆ. ಆದ್ರೆ ಗ್ಯಾಟ್ಸ್‌ಬಿ ಥರದವುಗಳಲ್ಲಿ ಇಡೀ ಪುಟಕ್ಕೂ ನೀರು ಹಾಕಬೇಕಿತ್ತು, ಅಂದ್ರೆ ಮೂಟೆ ಹೇಗೂ ಬರ್ತಿತ್ತು. 2021ರಲ್ಲಿ ಬಂದ ಆಸ್ಟ್ರೊ ಇನ್ನೊಂದು ಹೆಜ್ಜೆ ಇಟ್ಟಿತು: ಜೀವ ಬೇಕಾದ ತುಂಡುಗಳಿಗೆ ಮಾತ್ರ ಜಾವಾಸ್ಕ್ರಿಪ್ಟ್, ಉಳಿದದ್ದು ಬರೀ ಎಚ್‌ಟಿಎಂಎಲ್. ಒಗ್ಗರಣಿ ಪಾತ್ರೆಯಲ್ಲಿ ರೆಡಿ, ಮಿರ್ಚಿ ಮಾತ್ರ ಬಿಸಿಬಿಸಿ.

ಮೂವಬಲ್ ಟೈಪಿನ ಹಳೆ ದೋಷ ನೆನಪಿದೆಯಾ? ಸಾವಿರಾರು ಪುಟ ಇದ್ದರೆ ಒಂದು ಅಕ್ಷರ ತಿದ್ದಿದರೂ ಎಲ್ಲ ಮತ್ತೆ ಕಟ್ಟಬೇಕಾದ ಪರಿಸ್ಥಿತಿ ಈಗಲೂ ಬಂತು. ಅದಕ್ಕೆ 2020ರಲ್ಲಿ ನೆಕ್ಸ್ಟ್ ಜೆಎಸ್ ಒಂದು ಪರಿಹಾರ ಕೊಟ್ಟಿತು. ಹಳೆ ಪುಟ ತೋರಿಸ್ತಾ ಇರೋದು, ನಿಗದಿ ಮಾಡಿದ ಹೊತ್ತು ಮೀರಿದ ಮೇಲೆ ಯಾರಾದ್ರೂ ಕೇಳಿದರೆ ಹಿಂದಿನಿಂದ ಆ ಒಂದು ಪುಟ ಮಾತ್ರ ಹೊಸದಾಗಿ ಕಟ್ಟೋದು. ಮತ ಎಣಿಕೆಯ ಪುಟದ ಹಿಂದಿರೋ ಉಪಾಯಕ್ಕೆ ಇದು ಹತ್ತಿರದ ನೆಂಟ.

ಎಲ್ಲವನ್ನೂ ಮೊದಲೇ ಮಾಡಿಡೋಕೆ ಆಗಲ್ಲ, ಅದನ್ನೂ ಹೇಳಲೇಬೇಕು. ವಚನ ಸಂಚಯ ಅನ್ನೋ ತಾಣ ನೋಡಿ. ಓಂಶಿವಪ್ರಕಾಶ್, ಪವಿತ್ರಾ, ಓ.ಎಲ್. ನಾಗಭೂಷಣಸ್ವಾಮಿ ಅವರ ಜೊತೆ ಆ ಕೆಲಸಕ್ಕೆ ಕೈ ಹಾಕಿದವರಲ್ಲಿ ಸಂಡೂರಿನಲ್ಲಿ ಹುಟ್ಟಿದ ಲೇಖಕ ವಸುಧೇಂದ್ರ ಕೂಡ ಒಬ್ಬರು. ಅವರೂ ಸಾಫ್ಟ್‌ವೇರ್ ಉದ್ಯೋಗದಲ್ಲಿ ಇದ್ದವರೇ. ಅಲ್ಲಿರೋದು 20 ಸಾವಿರಕ್ಕೂ ಹೆಚ್ಚು ವಚನ. ಒಂದು ವಚನ ದಿನಾ ಬದಲಾಗಲ್ಲ, ಅಂಥ ಪುಟವನ್ನ ಒಮ್ಮೆ ಕಟ್ಟಿಟ್ಟರೆ ಸಾಕು. ಆದ್ರೆ ಒಂದು ಪದ ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಅಂತ ನೀವು ಹುಡುಕ್ತೀರಿ. ಆ ಉತ್ತರ ನೀವು ಕೇಳಿದ ಮೇಲೆ ತಯಾರಾದ್ರೇ ಸರಿ. ಯಾವುದು ಒಗ್ಗರಣಿ, ಯಾವುದು ದೋಸೆ ಅಂತ ಬೇರ್ಪಡಿಸೋದೇ ಈ ಕಸುಬಿನ ಜಾಣತನ.

ಹೊರೆಯ ಮಾತಾಯ್ತು. ಇನ್ನೊಂದು ಮಾತು ಉಳಿದಿದೆ, ಅದು ಉಳಿಕೆಯದ್ದೇ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ 1510ರ ಸುಮಾರಿನ ಕೃಷ್ಣದೇವರಾಯನ ಶಾಸನ ಇದೆ. ರಂಗಮಂಟಪ ಕಟ್ಟಿಸಿದ ವಿಷಯ ಅದರಲ್ಲಿದೆ, ಸಂಸ್ಕೃತದಲ್ಲೂ ಕನ್ನಡದಲ್ಲೂ. ಕೆತ್ತೋ ಕೆಲಸ ಒಮ್ಮೆ ಆಯ್ತು, ಐನೂರು ವರ್ಷದಿಂದ ಓದೋರು ಬರ್ತಾನೇ ಇದ್ದಾರೆ. ಫೋನಲ್ಲೇ ಕಟ್ಟೋ ಪುಟಗಳ ಕಥೆ ಬೇರೆ. ಬರಹ ಪುಟದಲ್ಲಿ ಇರಲ್ಲ, ಮೂಟೆ ಓಡಿದ ಮೇಲೆ ಮೂಡುತ್ತೆ. ಹಾಗಾಗಿ ಸರ್ಚ್ ಎಂಜಿನ್‌ಗಳಿಗೆ ಅದನ್ನ ಓದೋದು ತ್ರಾಸ. ಹಳೆ ಪುಟಗಳನ್ನ ಕೂಡಿಡೋ ಇಂಟರ್ನೆಟ್ ಆರ್ಕೈವ್‌ನಲ್ಲೂ ಅಂಥ ಎಷ್ಟೋ ಪುಟಗಳು ಖಾಲಿ ಕಾಣಿಸ್ತವೆ. ವಿಷಯ ಕೊಡ್ತಿದ್ದ ಸರ್ವರ್ ಒಂದಿನ ನಿಂತರೆ ಮುಗೀತು. ವೆಬ್ಬಿನಲ್ಲಿ ಮೊದಲೇ ಕಡಿಮೆ ಇರೋ ಕನ್ನಡದ ಬರಹಕ್ಕೆ ಈ ನಷ್ಟ ಸಣ್ಣದಲ್ಲ. ನಿಮ್ಮ ಊರಿನ ಇತಿಹಾಸದ ಪುಟ, ಕಾಲೇಜಿನ ಪತ್ರಿಕೆ, ಅಂಗಡಿಯ ಸೈಟ್ ಏನೇ ಮಾಡಿದರೂ, ಬರಹ ಫೈಲಿನೊಳಗೇ ಇರಲಿ.

ಪರೀಕ್ಷೆ ಮಾಡೋದು ಸುಲಭ. ಫೋನಿನ ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಜಾವಾಸ್ಕ್ರಿಪ್ಟ್ ಆಫ್ ಮಾಡಿ. ಆಮೇಲೆ ನೀವು ದಿನಾ ನೋಡೋ ನಾಲ್ಕೈದು ಸೈಟ್ ತೆರೀರಿ. ಬರಹ ಕಂಡರೆ ಪುಟವನ್ನ ನಿಮಗಿಂತ ಮೊದಲೇ ಯಾರೋ ಕಟ್ಟಿದ್ದಾರೆ. ಬಿಳಿ ಪರದೆ ಕಂಡರೆ ಇಷ್ಟು ದಿನ ಕಟ್ತಿದ್ದದ್ದು ನಿಮ್ಮ ಫೋನು, ನಿಮ್ಮ ಬ್ಯಾಟರಿ, ನಿಮ್ಮ ಡೇಟಾ. ನೋಡಿಯಾದ ಮೇಲೆ ಮತ್ತೆ ಆನ್ ಮಾಡೋದು ಮರೀಬೇಡಿ.